ಇಲಿಗಳ ಪ್ರಯೋಗ ಓದಿ ನಮ್ಮ ಹೆಣ್ಣುಮಕ್ಕಳಿಗೆ ಮದ್ದು ಕೊಟ್ಟ ನನ್ನ ಅನುಭವ

ಬಳ್ಳಾರಿಯಲ್ಲಿ ನಾನು ಹೆರಿಗೆ ಡಾಕ್ಟರ್. ಸಿರುಗುಪ್ಪ, ಕುರುಗೋಡು, ಸಂಡೂರು, ಕಂಪ್ಲಿ, ಆ ಕಡೆ ಆಂಧ್ರದ ಗಡಿ ಊರುಗಳಿಂದಲೂ ಜನ ಬರುತ್ತಾರೆ. ಮೇಲಿಂದ ಮೇಲೆ ಗರ್ಭ ಹೋಗುವ ಹೆಣ್ಣುಮಕ್ಕಳನ್ನು ನೋಡುವುದರಲ್ಲಿ ನನಗೆ ಮೊದಲಿನಿಂದಲೂ ಆಸಕ್ತಿ ಜಾಸ್ತಿ. ಅದರಲ್ಲೂ ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಇರುವವರನ್ನು. ಇವರಿಗೆ ಯಾವ ಮದ್ದು, ಯಾವಾಗ, ಯಾಕೆ ಅನ್ನೋದನ್ನು ನಾನು ಅರ್ಥ ಮಾಡಿಕೊಂಡದ್ದು ಬಹುಪಾಲು ಇಲಿಗಳ ಮೇಲಿನ ಪ್ರಯೋಗಗಳನ್ನು ಓದಿ. "ಇಲಿಗೂ ನಮ್ಮ ಪೇಷಂಟಿಗೂ ಏನು ಸಂಬಂಧ ಮೇಡಂ?" ಅಂತ ಜೂನಿಯರ್‌ಗಳು ಕೇಳುತ್ತಾರೆ. ಸಂಬಂಧ ಇದೆ. ಎಲ್ಲಿಯವರೆಗೆ ಇದೆ, ಎಲ್ಲಿ ಮುಗಿಯುತ್ತದೆ ಅನ್ನೋದನ್ನು ಬರೆಯುತ್ತಿದ್ದೇನೆ.

ಪ್ರತಿಕಾಯ ಅಂದರೆ ರೋಗಾಣುವನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನ್. ಕೆಲವರಲ್ಲಿ ಅದು ತನ್ನದೇ ದೇಹದ ಮೇಲೆ ತಿರುಗುತ್ತದೆ. ಆಂಟಿಫಾಸ್ಫೋಲಿಪಿಡ್ ಅನ್ನುವ ಹೆಸರು ನೋಡಿದರೆ ಇದು ಕೊಬ್ಬಿನ ಮೇಲೆ ಹೋಗುತ್ತದೆ ಅನ್ನಿಸುತ್ತದೆ. ನಿಜವಾಗಿ ಇದು ಮುಖ್ಯವಾಗಿ ಹಿಡಿಯುವುದು ಬೀಟಾ-2 ಗ್ಲೈಕೊಪ್ರೋಟೀನ್-1 ಅನ್ನುವ ರಕ್ತದ ಪ್ರೋಟೀನನ್ನು. ಆ ಪ್ರೋಟೀನ್ ಹೋಗಿ ಅಂಟಿಕೊಳ್ಳುವ ಜಾಗಗಳಲ್ಲಿ ಮಾಸದ (ಪ್ಲಾಸೆಂಟಾ) ಜೀವಕೋಶಗಳೂ ಒಂದು. ಮಾಸ ಬೆಳೆಯುವಾಗ ಅದರ ಕೋಶಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ಸಾಮಾನ್ಯವಾಗಿ ಒಳಗೇ ಇರುವ ಕೊಬ್ಬಿನಂಶ ಹೊರ ಮೈಗೆ ಬರುತ್ತದೆ. ಪ್ರೋಟೀನ್ ಅಲ್ಲಿ ಕೂರುತ್ತದೆ, ಅದರ ಹಿಂದೆಯೇ ಪ್ರತಿಕಾಯ ಬರುತ್ತದೆ. ಬೇರೆ ಅಂಗ ಎಲ್ಲಾ ಸರಿಯಾಗಿರುವ ಹೆಣ್ಣುಮಗಳಿಗೂ ಗರ್ಭ ಮಾತ್ರ ಯಾಕೆ ಕೈಕೊಡುತ್ತದೆ ಅನ್ನೋ ಪ್ರಶ್ನೆಗೆ ಉತ್ತರದ ಒಂದು ತುದಿ ಇಲ್ಲಿದೆ.

ಲಂಡನ್ನಿನ ಗ್ರಹಾಂ ಹ್ಯೂಸ್ ಮತ್ತು ಅವರ ತಂಡ 1983ರಲ್ಲಿ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಅನ್ನುವ ಈ ಕಾಯಿಲೆಯ ರೂಪವನ್ನು ವಿವರಿಸಿದರು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಗಡ್ಡೆ ಕಟ್ಟುವುದು, ಗರ್ಭ ಮತ್ತೆ ಮತ್ತೆ ಹೋಗುವುದು, ಜೊತೆಗೆ ಈ ಪ್ರತಿಕಾಯ. ಅದಕ್ಕೂ ಮುಂಚೆ ಒಂದು ಸುಳಿವು ಇತ್ತು. ಸಿಫಿಲಿಸ್ ಪತ್ತೆಗೆ ಮಾಡುವ ವಿಡಿಆರ್‌ಎಲ್ ಪರೀಕ್ಷೆಯಲ್ಲಿ ಎತ್ತಿನ ಹೃದಯದಿಂದ ತೆಗೆದ ಕಾರ್ಡಿಯೊಲಿಪಿನ್ ಅನ್ನುವ ಕೊಬ್ಬಿನಂಶ ಬಳಸುತ್ತಾರೆ. ಲೂಪಸ್ (ಪ್ರತಿಕಾಯ ತನ್ನದೇ ದೇಹದ ಮೇಲೆ ತಿರುಗುವ ಇನ್ನೊಂದು ಕಾಯಿಲೆ) ಇರುವ ಕೆಲವರಲ್ಲಿ ಸಿಫಿಲಿಸ್ ಇಲ್ಲದೆಯೂ ಅದು ಪಾಸಿಟಿವ್ ಬರುತ್ತಿತ್ತು. ಇವತ್ತಿಗೂ ಯಾರಾದರೂ ವಿಡಿಆರ್‌ಎಲ್ ಪಾಸಿಟಿವ್ ಚೀಟಿ ಹಿಡಿದು ಬಂದರೆ, ಖಚಿತಪಡಿಸುವ ಟಿಪಿಎಚ್‌ಎ ನೆಗೆಟಿವ್ ಇದ್ದರೆ, ನಾನು ಹಿಂದಿನ ಗರ್ಭಗಳ ಕಥೆ ಕೇಳುತ್ತೇನೆ. ಗಂಡ ಹೆಂಡತಿ ನಡುವೆ ಸುಮ್ನೆ ಅನುಮಾನ ಹುಟ್ಟಿಸುವ ಚೀಟಿ ಅದು. ಅದನ್ನು ಅಲ್ಲೇ ಬಿಡಿಸಿ ಹೇಳಬೇಕು.

ಈಗ ಇಲಿಗಳ ವಿಷಯಕ್ಕೆ ಬರುತ್ತೇನೆ. ಗರ್ಭ ಕಳೆದುಕೊಂಡ ಹೆಣ್ಣುಮಗಳ ರಕ್ತದಲ್ಲಿ ಪ್ರತಿಕಾಯ ಸಿಕ್ಕಿತು ಅಂದುಕೊಳ್ಳಿ. ಗರ್ಭ ಹೋಗಿದ್ದು ಅದರಿಂದಲೇ ಅಂತ ಹೇಗೆ ಹೇಳುವುದು? ಗಲಾಟೆ ನಡೆದ ಜಾಗದಲ್ಲಿ ನಿಂತಿದ್ದವರೆಲ್ಲಾ ಗಲಾಟೆ ಮಾಡಿದವರಲ್ಲ. ಗರ್ಭ ಹೋದ ಮೇಲೆ ಪ್ರತಿಕಾಯ ಬಂದಿರಬಹುದು. ಎರಡಕ್ಕೂ ಮೂರನೆಯದೇ ಕಾರಣ ಇರಬಹುದು. ಇದನ್ನು ಬಗೆಹರಿಸಲು ಒಬ್ಬ ಆರೋಗ್ಯವಂತ ಬಸುರಿಗೆ ಆ ಪ್ರತಿಕಾಯ ಚುಚ್ಚಿ ನೋಡಲು ಆಗುತ್ತದೆಯೇ? ಆಗುವುದಿಲ್ಲ, ಆಗಲೂಬಾರದು. ಆ ಪ್ರಶ್ನೆಯನ್ನು ಇಲಿಯ ಹತ್ತಿರ ಕೇಳಿದರು.

1990ರಲ್ಲಿ ಅಮೆರಿಕದ ಯೂಟಾದ ವೇರ್ ಬ್ರಾಂಚ್ ಮತ್ತು ಜೊತೆಗಾರರು ರೋಗಿಗಳ ರಕ್ತದಿಂದ ಪ್ರತಿಕಾಯದ ಭಾಗವನ್ನು ಬೇರ್ಪಡಿಸಿ ಗರ್ಭಿಣಿ ಸುಂಡಿಲಿಗಳಿಗೆ ಕೊಟ್ಟರು. ಮರಿಗಳು ಹೊಟ್ಟೆಯಲ್ಲೇ ಸತ್ತವು. 1991ರಲ್ಲಿ ಇಸ್ರೇಲಿನ ಶೋನ್‌ಫೆಲ್ಡ್ ತಂಡವೂ ಆರೋಗ್ಯವಾಗಿದ್ದ ಇಲಿಗಳಲ್ಲಿ ಇದೇ ಕಾಯಿಲೆಯನ್ನು ಪ್ರತಿಕಾಯದಿಂದಲೇ ತಂದು ತೋರಿಸಿತು. ಆರೋಗ್ಯವಂತರ ಪ್ರತಿಕಾಯ ಕೊಟ್ಟ ಇಲಿಗಳ ಜೊತೆ ಹೋಲಿಸಿ ನೋಡುವುದು ಇಂಥ ಪ್ರಯೋಗದ ಜೀವ. ಮನುಷ್ಯರ ಪ್ರೋಟೀನ್ ಒಳಗೆ ಹೋಯಿತು ಅನ್ನುವುದೇ ತೊಂದರೆ ಆಗಿದ್ದರೆ ಎರಡೂ ಗುಂಪಿನ ಮರಿ ಸಾಯಬೇಕಿತ್ತು.

ಇಂಥ ಪ್ರಬಂಧ ಓದುವಾಗ ನಾನು ಒಂದು ನೋಟ್‌ಬುಕ್ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಯಾವ ಪ್ರತಿಕಾಯ, ಎಷ್ಟು, ಗರ್ಭದ ಯಾವ ದಿನ, ಹೋಲಿಕೆಗೆ ಏನು ಕೊಟ್ಟರು, ಕೊನೆಗೆ ಏನನ್ನು ಎಣಿಸಿದರು. ಇಷ್ಟು ಬರೆದುಕೊಂಡ ಮೇಲೇ ಲೇಖಕರ ತೀರ್ಮಾನ ಓದುವುದು. ಸುಂಡಿಲಿಯ ಗರ್ಭ ಸುಮಾರು 19ರಿಂದ 21 ದಿನ. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ 8ನೇ ದಿನ ಮತ್ತು 12ನೇ ದಿನ 10 ಮಿಲಿಗ್ರಾಂ ಪ್ರತಿಕಾಯವನ್ನು ಹೊಟ್ಟೆಯೊಳಗೆ ಚುಚ್ಚುತ್ತಾರೆ. 15ನೇ ದಿನ ತೆರೆದು ನೋಡುತ್ತಾರೆ. ಇಲಿಯ ಗರ್ಭಕೋಶಕ್ಕೆ ಎರಡು ಕೊಂಬು. ಎರಡರಲ್ಲೂ ಮರಿಗಳು ಸಾಲಾಗಿ ಇರುತ್ತವೆ. ಬದುಕಿರುವ ಮರಿಯ ಜಾಗ ಗುಂಡಗೆ ಉಬ್ಬಿರುತ್ತದೆ. ಸತ್ತ ಕಡೆ ಕಪ್ಪಗಿನ ಸಣ್ಣ ಗಂಟು ಉಳಿದಿರುತ್ತದೆ. ಇಲಿಯಲ್ಲಿ ಸತ್ತ ಮರಿ ಹೊರಗೆ ಬೀಳುವುದಿಲ್ಲ, ಒಳಗೇ ಕರಗುತ್ತದೆ. ಆ ಕಪ್ಪು ಗಂಟುಗಳನ್ನು ಎಣಿಸಿ ಒಟ್ಟು ಜಾಗಗಳಿಂದ ಭಾಗಿಸಿದರೆ ಕರಗಿದ ಪ್ರಮಾಣ. ಇದೇ ಅಳತೆ.

ಆ 10 ಮಿಲಿಗ್ರಾಂ ಅಂಕಿ ಮುಂದೆ ನಾನು ಪೆನ್ಸಿಲ್‌ನಿಂದ ಒಂದು ಲೆಕ್ಕ ಬರೆದಿದ್ದೇನೆ. 25 ಗ್ರಾಂ ತೂಕದ ಇಲಿಯ ಮೈಯಲ್ಲಿ ಇರುವ ರಕ್ತವೇ ಸುಮಾರು 2 ಎಂಎಲ್. ಅದರಲ್ಲಿ ಅರ್ಧದಷ್ಟು ಮಾತ್ರ ಪ್ಲಾಸ್ಮಾ, ಅಂದರೆ ರಕ್ತಕಣ ಬಿಟ್ಟು ಉಳಿಯುವ ದ್ರವ. ಮನುಷ್ಯರ ಒಂದು ಎಂಎಲ್ ಪ್ಲಾಸ್ಮಾದಲ್ಲಿ ಐಜಿಜಿ ಅನ್ನುವ ಬಗೆಯ ಪ್ರತಿಕಾಯ ಎಲ್ಲಾ ಸೇರಿ ಸುಮಾರು 10 ಮಿಲಿಗ್ರಾಂ. ಅಂದರೆ ಆ ಪುಟ್ಟ ಪ್ರಾಣಿಗೆ ಒಂದೇ ಏಟಿಗೆ ಬಹಳ ದೊಡ್ಡ ಪ್ರಮಾಣ ಹೋಗುತ್ತದೆ. ನಮ್ಮ ಪೇಷಂಟಿನಲ್ಲಿ ಪ್ರತಿಕಾಯ ವರ್ಷಗಟ್ಟಲೆ ನಿಧಾನವಾಗಿ ಇರುತ್ತದೆ. ಹಾಗಾಗಿ ಇಲಿಯಲ್ಲಿ ಇಷ್ಟು ಮರಿ ಸತ್ತವು, ಇವರಲ್ಲೂ ಅಷ್ಟೇ ಅಪಾಯ ಅಂತ ಲೆಕ್ಕ ಹಾಕಲು ಬರುವುದಿಲ್ಲ. ಕಾರಣ ಯಾವುದು ಅಂತ ಇಲಿ ಹೇಳುತ್ತದೆ. ಎಷ್ಟು ಜನಕ್ಕೆ ಆಗುತ್ತದೆ ಅಂತ ಹೇಳುವುದಿಲ್ಲ.

ಪಿಜಿ ಮಾಡುವಾಗ ನಮಗೆ ಕಲಿಸಿದ್ದು ಸರಳ ಕಥೆ. ಮಾಸದ ರಕ್ತನಾಳದಲ್ಲಿ ಗಡ್ಡೆ ಕಟ್ಟುತ್ತದೆ, ಮಗುವಿಗೆ ರಕ್ತ ಹೋಗುವುದಿಲ್ಲ, ರಕ್ತ ತೆಳುವಾಗಿಸುವ ಹೆಪಾರಿನ್ ಕೊಡಿ. ಅದು ಪೂರ್ತಿ ಕಥೆ ಅಲ್ಲ. ಗರ್ಭ ಕಳೆದುಕೊಂಡ ಎಷ್ಟೋ ಹೆಣ್ಣುಮಕ್ಕಳ ಮಾಸದಲ್ಲಿ ಗಡ್ಡೆ ಕಾಣುವುದೇ ಇಲ್ಲ. ನ್ಯೂಯಾರ್ಕಿನ ಜೇನ್ ಸ್ಯಾಲ್ಮನ್, ಗಿಲ್ಲೆರ್ಮಿನಾ ಗಿರಾರ್ಡಿ ಮತ್ತು ಅವರ ಸಂಗಡಿಗರು ಬೇರೆ ದಾರಿ ಹಿಡಿದರು. ರಕ್ತದಲ್ಲಿ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನ್‌ಗಳ ಒಂದು ಸಾಲು ಇದೆ. ಪ್ರತಿಕಾಯ ಎಲ್ಲಿ ಕೂತಿದೆಯೋ ಅಲ್ಲಿ ಉರಿಯೂತ ಹಚ್ಚುವುದು ಅದರ ಕೆಲಸ. 2002ರಲ್ಲಿ ಅವರು ತೋರಿಸಿದ್ದು ಇಷ್ಟು: ಸಿ3 ಅನ್ನುವ ಕಾಂಪ್ಲಿಮೆಂಟ್ ಹುಟ್ಟಿನಿಂದಲೇ ಇಲ್ಲದ ಇಲಿಗೆ ಅದೇ ಪ್ರತಿಕಾಯ ಚುಚ್ಚಿದರೂ ಮರಿಗಳು ಉಳಿದವು. 2003ರಲ್ಲಿ ಇನ್ನೊಂದು ಹೆಜ್ಜೆ. ಸಿ5 ಇಲ್ಲದಿದ್ದರೂ ಮರಿ ಉಳಿಯಿತು. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳನ್ನು ತೆಗೆದುಹಾಕಿದರೂ ಉಳಿಯಿತು.

2004ರ ಪ್ರಯೋಗವನ್ನು ನಾನು ಎಲ್ಲಾ ಜೂನಿಯರ್‌ಗಳಿಂದ ಓದಿಸುತ್ತೇನೆ. ಪ್ರತಿಕಾಯ ಕೊಟ್ಟ ಇಲಿಗಳಲ್ಲಿ ಒಂದು ಗುಂಪಿಗೆ ಹೆಪಾರಿನ್. ಇನ್ನೊಂದಕ್ಕೆ ಹಿರುಡಿನ್. ಮತ್ತೊಂದಕ್ಕೆ ಫಾಂಡಾಪರಿನಕ್ಸ್. ಮೂರೂ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಗಡ್ಡೆಯೇ ಕಾರಣ ಆಗಿದ್ದರೆ ಮೂರೂ ಗುಂಪಿನಲ್ಲಿ ಮರಿ ಉಳಿಯಬೇಕಿತ್ತು. ಉಳಿದದ್ದು ಹೆಪಾರಿನ್ ಗುಂಪಿನಲ್ಲಿ ಮಾತ್ರ. ಹೆಪಾರಿನ್‌ಗೆ ಕಾಂಪ್ಲಿಮೆಂಟನ್ನು ತಡೆಯುವ ಗುಣವೂ ಇದೆ, ಉಳಿದ ಎರಡಕ್ಕೆ ಅದು ಇಲ್ಲ. ಎಷ್ಟು ಅಚ್ಚುಕಟ್ಟಾದ ಪ್ರಶ್ನೆ, ಎಷ್ಟು ಸ್ಪಷ್ಟ ಉತ್ತರ! ಇದನ್ನು ಓದಿದ ಮೇಲೆ ನನ್ನ ಪ್ರಿಸ್ಕ್ರಿಪ್ಷನ್‌ನಲ್ಲಿ ಎರಡು ವಿಷಯ ಗಟ್ಟಿಯಾದವು. ಹೆಪಾರಿನ್ ಬದಲು ಬೇರೆ ರಕ್ತ ತೆಳು ಮಾಡುವ ಮಾತ್ರೆ ಸಾಕಲ್ವಾ ಅಂತ ಯಾರು ಕೇಳಿದರೂ ಒಪ್ಪುವುದಿಲ್ಲ. ಮತ್ತು ಶುರು ಮಾಡುವುದನ್ನು ಮುಂದೂಡುವುದಿಲ್ಲ. ಉರಿಯೂತ ಮಾಸ ಕಟ್ಟುವ ಹೊತ್ತಿನಲ್ಲೇ ಶುರುವಾಗುತ್ತದೆ, ಐದನೇ ತಿಂಗಳಲ್ಲಿ ಚುಚ್ಚಿದರೆ ಅರ್ಧ ಆಟ ಮುಗಿದಿರುತ್ತದೆ.

ಇಲಿಯ ಮಾತನ್ನು ಹೆಣ್ಣುಮಕ್ಕಳ ಅಂಕಿಯ ಜೊತೆ ಇಟ್ಟು ನೋಡಲೇಬೇಕು. 1997ರಲ್ಲಿ ಲಂಡನ್ನಿನಲ್ಲಿ ಲೆಸ್ಲಿ ರೇಗನ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರತಿಕಾಯ ಇದ್ದ 90 ಮಂದಿ ಇದ್ದರು. ಬರೀ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಶೇಕಡಾ 42 ಜನಕ್ಕೆ ಜೀವಂತ ಮಗು. ಆಸ್ಪಿರಿನ್ ಜೊತೆ ಹೆಪಾರಿನ್ ತೆಗೆದುಕೊಂಡವರಲ್ಲಿ ಶೇಕಡಾ 71. ಇದು ಇಲಿಯಲ್ಲಿ ಹೆಪಾರಿನ್‌ನ ಗುಟ್ಟು ತಿಳಿಯುವ ಮುಂಚಿನ ಮಾತು. ಮದ್ದು ಕೆಲಸ ಮಾಡುತ್ತದೆ ಅಂತ ಮೊದಲು ಹೆಣ್ಣುಮಕ್ಕಳಲ್ಲಿ ಗೊತ್ತಾಯಿತು, ಯಾಕೆ ಅಂತ ಆಮೇಲೆ ಇಲಿಯಲ್ಲಿ ಗೊತ್ತಾಯಿತು.

ಹಾಗಂತ ಗರ್ಭ ಹೋದವರಿಗೆಲ್ಲಾ ಹೆಪಾರಿನ್ ಚುಚ್ಚುವ ಪದ್ಧತಿ ಈಗ ನಮ್ಮ ಕಡೆ ಬಹಳ ಹಬ್ಬಿದೆ. ಅದು ನನಗೆ ಸರಿ ಕಾಣುವುದಿಲ್ಲ. ಒಂದು ಸಲ ಗರ್ಭ ಹೋದರೆ ಸಾಕು, ಪರೀಕ್ಷೆ ಇಲ್ಲದೆ ಇಂಜೆಕ್ಷನ್ ಶುರು. ಕೂಲಿ ಮಾಡುವ ಮನೆಯವರು ಒಡವೆ ಅಡ ಇಟ್ಟು ತಿಂಗಳುಗಟ್ಟಲೆ ಕೊಳ್ಳುತ್ತಾರೆ. ಇಲಿಯಲ್ಲಿ ಹೆಪಾರಿನ್ ಕಾಪಾಡಿದ್ದು ಪ್ರತಿಕಾಯ ಹಚ್ಚಿದ ಬೆಂಕಿಯಿಂದ. ಪ್ರತಿಕಾಯವೇ ಇಲ್ಲದವರಲ್ಲಿ ಅದು ಏನು ಮಾಡೀತು? ಕಾರಣ ಗೊತ್ತಿಲ್ಲದೆ ಗರ್ಭ ಹೋಗುವವರಲ್ಲಿ ಆಸ್ಪಿರಿನ್, ಹೆಪಾರಿನ್ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2010ರಲ್ಲಿ ಬಂತು, ಲಾಭ ಕಾಣಲಿಲ್ಲ. ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟುವ ದೋಷ ಇರುವವರಲ್ಲಿ 2023ರ ಆಲೈಫ್-2 ಅಧ್ಯಯನದಲ್ಲೂ ಕಾಣಲಿಲ್ಲ.

ಅದಕ್ಕೇ ನಾನು ಪರೀಕ್ಷೆಯ ಮೇಲೆ ಅಷ್ಟು ಹಟ ಹಿಡಿಯುವುದು. ಈ ಕಾಯಿಲೆ ಇದೆ ಅಂತ ಹೇಳಲು ಸಿಡ್ನಿ ಮಾನದಂಡ ಅಂತ 2006ರಲ್ಲಿ ಪ್ರಕಟವಾಯಿತು. ಸಂಶೋಧನೆಗೆ 2023ರಲ್ಲಿ ಹೊಸ ಮಾನದಂಡ ಬಂದಿದೆ, ಆದರೆ ಹೊರರೋಗಿ ಕೋಣೆಯಲ್ಲಿ ನನಗೆ ಇನ್ನೂ ಹಳೆಯದೇ ಕೈಗೆ ಬರುತ್ತದೆ. 10 ವಾರದ ಒಳಗೆ ಸತತವಾಗಿ ಮೂರು ಗರ್ಭ ಹೋಗಿರಬೇಕು, ಅಥವಾ 10 ವಾರ ದಾಟಿದ ಮೇಲೆ ಸರಿಯಾಗಿ ಬೆಳೆದ ಮಗು ಹೊಟ್ಟೆಯಲ್ಲಿ ಹೋಗಿರಬೇಕು, ಅಥವಾ ಬಿಪಿ ವಿಪರೀತವಾಗಿ ಇಲ್ಲವೇ ಮಾಸ ಸೋತು 34 ವಾರದ ಒಳಗೆ ಹೆರಿಗೆ ಆಗಿರಬೇಕು. ಜೊತೆಗೆ ರಕ್ತದಲ್ಲಿ ಪ್ರತಿಕಾಯ ಎರಡು ಸಲ ಸಿಗಬೇಕು, ನಡುವೆ ಕನಿಷ್ಠ 12 ವಾರ ಅಂತರ. ಜ್ವರ, ಸೋಂಕು ಬಂದು ಹೋದಾಗಲೂ ಈ ಪ್ರತಿಕಾಯ ಸ್ವಲ್ಪ ದಿನ ಕಾಣಿಸಿಕೊಳ್ಳುತ್ತದೆ. ಎರಡನೇ ಸಲ ಮಾಡಿಸದೆ ಕಾಯಿಲೆಯ ಹೆಸರು ಹಚ್ಚಬಾರದು.

ಈ ಪ್ರತಿಕಾಯ ಹುಡುಕುವ ಮೂರು ರಕ್ತಪರೀಕ್ಷೆಗಳಲ್ಲಿ ಲೂಪಸ್ ಆಂಟಿಕೊಯಾಗ್ಯುಲೆಂಟ್ ಅನ್ನೋದು ಮುಖ್ಯ, ಮತ್ತು ಬಹಳ ಸೂಕ್ಷ್ಮ. ಅಮೆರಿಕದ ಪ್ರಾಮಿಸ್ ಅಧ್ಯಯನದಲ್ಲಿ ಅದು ಪಾಸಿಟಿವ್ ಇದ್ದವರಲ್ಲಿ ಶೇಕಡಾ 39 ಜನಕ್ಕೆ ಗರ್ಭದಲ್ಲಿ ತೊಂದರೆ ಆಯಿತು. ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಇದ್ದೂ ಇದೊಂದು ಇಲ್ಲದವರಲ್ಲಿ ಬರೀ ಶೇಕಡಾ 3. ಇದಕ್ಕೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಗೆರೆಯವರೆಗೆ ಸರಿಯಾಗಿ ರಕ್ತ ತುಂಬಬೇಕು. ಹೆಪಾರಿನ್ ಶುರು ಮಾಡುವ ಮುಂಚೆಯೇ ತೆಗೆಯಬೇಕು. ಟ್ಯೂಬನ್ನು ಸೆಂಟ್ರಿಫ್ಯೂಜ್‌ನಲ್ಲಿ ಎರಡು ಸಲ ತಿರುಗಿಸಬೇಕು. ಒಂದೇ ಸಲ ತಿರುಗಿಸಿದರೆ ಮೇಲಿನ ಪ್ಲಾಸ್ಮಾದಲ್ಲಿ ಪ್ಲೇಟ್‌ಲೆಟ್ ಉಳಿಯುತ್ತದೆ. ಫ್ರೀಜ್ ಮಾಡಿ ಬೆಂಗಳೂರಿಗೋ ಹೈದರಾಬಾದಿಗೋ ಕಳಿಸುವಾಗ ಆ ಪ್ಲೇಟ್‌ಲೆಟ್ ಒಡೆದು ಕೊಬ್ಬಿನಂಶ ಬಿಡುತ್ತದೆ, ಪ್ರತಿಕಾಯ ಅದಕ್ಕೆ ಅಂಟಿಕೊಂಡು ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನೆಗೆಟಿವ್ ವರದಿ ಬಂದರೆ ಮೊದಲು ಲ್ಯಾಬ್ ಹುಡುಗನಿಗೆ ಫೋನ್ ಮಾಡಿ "ಎರಡು ಸಲ ತಿರುಗಿಸಿದ್ರಾ?" ಅಂತ ಕೇಳುತ್ತೇನೆ.

ರಿಪೋರ್ಟ್ ಬಂದ ಮೇಲೆ ಮನೆಯವರನ್ನು ಕೂರಿಸಿ ಮಾತಾಡುವುದೇ ದೊಡ್ಡ ಕೆಲಸ. ನಮ್ಮ ಭಾಗದಲ್ಲಿ ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಸಾಮಾನ್ಯ. "ರಕ್ತ ಸಂಬಂಧಕ್ಕೆ ಹೀಗಾಯ್ತಾ?" ಅಂತ ಕೇಳುತ್ತಾರೆ. ಸಂಬಂಧದಲ್ಲಿ ಮದುವೆಯಾದರೆ ಕೆಲವು ವಂಶದ ಕಾಯಿಲೆ ಹೆಚ್ಚುವುದು ನಿಜ, ಆದರೆ ಈ ಪ್ರತಿಕಾಯ ಬಂದದ್ದು ಅದಕ್ಕಲ್ಲ. ಭಾರ ಎತ್ತಿದ್ದಕ್ಕೂ ಅಲ್ಲ, ಪಪ್ಪಾಯಿ ತಿಂದದ್ದಕ್ಕೂ ಅಲ್ಲ, ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೂ ಅಲ್ಲ. ಆಗ ನಾನು ಇಲಿಯ ಪ್ರಯೋಗವನ್ನೇ ಹೇಳುತ್ತೇನೆ. ಯಾವ ತಪ್ಪೂ ಮಾಡದ, ಗಟ್ಟಿಮುಟ್ಟಾದ ಇಲಿಗೆ ಈ ಪ್ರತಿಕಾಯ ಹಾಕಿದರೆ ಅದರ ಮರಿಯೂ ಉಳಿಯಲಿಲ್ಲ ಅಂತ. ಅತ್ತೆ ಸೊಸೆ ಕಡೆ ತಿರುಗಿ ನೋಡುವ ರೀತಿ ಅಲ್ಲೇ ಬದಲಾಗಿದ್ದನ್ನು ನೋಡಿದ್ದೇನೆ. ಹುಲಿಗೆಮ್ಮನಿಗೆ ಹರಕೆ ಹೊತ್ತಿರುತ್ತಾರೆ. ಹರಕೆ ಇರಲಿ, ಇಂಜೆಕ್ಷನ್ನೂ ಇರಲಿ ಅನ್ನುತ್ತೇನೆ.

ಹೆಪಾರಿನ್ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಮುಸ್ಲಿಂ ಮನೆಯವರಿಗೂ, ಮಾಂಸ ಮುಟ್ಟದ ಲಿಂಗಾಯತ ಮನೆಯವರಿಗೂ ಮೊದಲೇ ಹೇಳಿ, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಅನ್ನುತ್ತೇನೆ. ಹಿರಿಯರನ್ನು ಕೇಳಿ ಬಂದವರು ಹೆಚ್ಚಿನವರು ಒಪ್ಪುತ್ತಾರೆ. ಆಮೇಲೆ ಬೇರೆ ಕಡೆಯಿಂದ ಗೊತ್ತಾದರೆ ನಡುವೆ ಬಿಟ್ಟುಬಿಡುತ್ತಾರೆ.

ಆಸ್ಪಿರಿನ್ ಸಣ್ಣ ಡೋಸನ್ನು ಗರ್ಭಕ್ಕೆ ಪ್ರಯತ್ನಿಸುವಾಗಲೇ ಶುರು ಮಾಡುತ್ತೇನೆ. ಹಿಂದೆ ರಕ್ತನಾಳದಲ್ಲಿ ಗಡ್ಡೆ ಆಗಿಲ್ಲದವರಿಗೆ ಗರ್ಭ ಖಚಿತವಾದ ಕೂಡಲೇ ಎನೊಕ್ಸಾಪರಿನ್ (ಹೆಪಾರಿನ್‌ನ ಒಂದು ಬಗೆ) 40 ಮಿಲಿಗ್ರಾಂ ದಿನಕ್ಕೊಂದು. ಗಡ್ಡೆ ಆಗಿದ್ದವರ ಡೋಸ್ ಬೇರೆ, ಜಾಸ್ತಿ. ಚುಚ್ಚುವುದನ್ನು ಹೆಣ್ಣುಮಗಳಿಗೇ ಕಲಿಸುತ್ತೇನೆ, ದಿನಾ ಬಸ್ ಹತ್ತಿ ಬರಲು ಆಗುವುದಿಲ್ಲವಲ್ಲ. ಹೊಕ್ಕಳಿನಿಂದ ಎರಡು ಇಂಚು ಪಕ್ಕಕ್ಕೆ, ಚರ್ಮ ಚಿವುಟಿ ಹಿಡಿದು, ಸೂಜಿ ನೇರವಾಗಿ ಪೂರ್ತಿ ಒಳಗೆ. ಸಿರಿಂಜಿನಲ್ಲಿರುವ ಗಾಳಿ ಗುಳ್ಳೆಯನ್ನು ಹೊರಗೆ ತಳ್ಳಬಾರದು, ಮದ್ದು ಹೋಗುತ್ತದೆ. ಚುಚ್ಚಿದ ಮೇಲೆ ಉಜ್ಜಬಾರದು, ಉಜ್ಜಿದರೆ ನೀಲಿಗಟ್ಟುತ್ತದೆ. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಮೊದಲ ಇಂಜೆಕ್ಷನ್ ನನ್ನ ಮುಂದೆಯೇ ತಾನೇ ಹಾಕಿಕೊಳ್ಳಬೇಕು. ಕೈ ನಡುಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಬಳ್ಳಾರಿ ಬಿಸಿಲು ಇಲ್ಲಿ ದೊಡ್ಡ ಸಮಸ್ಯೆ. 25 ಡಿಗ್ರಿ ಮೀರಬಾರದು, ಫ್ರೀಜ್ ಆಗಲೂಬಾರದು ಅಂತ ಮದ್ದಿನ ಡಬ್ಬಿಯ ಮೇಲೇ ಇರುತ್ತದೆ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯೊಳಗೆ ಇನ್ನೂ ಜಾಸ್ತಿ. ಫ್ರಿಜ್ ಇದ್ದರೆ ಬಾಗಿಲಿನ ಶೆಲ್ಫ್, ಫ್ರೀಜರ್ ಬೇಡವೇ ಬೇಡ. ಫ್ರಿಜ್ ಇಲ್ಲದವರಿಗೆ ದೊಡ್ಡ ಮಣ್ಣಿನ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಹಸಿ ಬಟ್ಟೆ. ನಮ್ಮ ಒಣ ಹವೆಯಲ್ಲಿ ಇದು ಚೆನ್ನಾಗಿ ತಂಪು ಹಿಡಿಯುತ್ತದೆ. ಆದರೂ ಒಂದು ವಾರದ್ದು ಮಾತ್ರ ಮನೆಗೆ ಒಯ್ಯಿರಿ, ಉಳಿದದ್ದು ಮೆಡಿಕಲ್ ಶಾಪಿನ ಫ್ರಿಜ್‌ನಲ್ಲೇ ಇರಲಿ ಅನ್ನುತ್ತೇನೆ.

ಪ್ರತಿಕಾಯ ಇದ್ದೂ ಸುಖವಾಗಿ ಹೆತ್ತವರು ಇದ್ದಾರೆ. ಯಾಕೆ? ಇದಕ್ಕೂ ಪ್ರಾಣಿ ಪ್ರಯೋಗದಲ್ಲಿ ಒಂದು ಎಳೆ ಸಿಕ್ಕಿದೆ. 2005ರಲ್ಲಿ ರ‍್ಯಾಟ್‌ಗಳಿಗೆ (ಸುಂಡಿಲಿಗಿಂತ ದೊಡ್ಡ ಇಲಿ) ಈ ಪ್ರತಿಕಾಯ ಒಂದನ್ನೇ ಕೊಟ್ಟಾಗ ರಕ್ತನಾಳದಲ್ಲಿ ಗಡ್ಡೆ ಆಗಲಿಲ್ಲ. ಬ್ಯಾಕ್ಟೀರಿಯಾದ ಹೊರಪದರದ ಅಂಶವನ್ನು ಜೊತೆಗೆ ಕೊಟ್ಟಾಗ ಆಯಿತು. ಅಂದರೆ ಪ್ರತಿಕಾಯದ ಮೇಲೆ ಇನ್ನೊಂದು ಏಟು ಬೇಕು. ಇದನ್ನು ಓದಿದ ಮೇಲೆ ಈ ಹೆಣ್ಣುಮಕ್ಕಳ ಮೂತ್ರದ ಸೋಂಕು, ಹುಳುಕು ಹಲ್ಲು, ಜ್ವರ ಯಾವುದನ್ನೂ ನಾನು ಹಗುರವಾಗಿ ಬಿಡುವುದಿಲ್ಲ. ಹಾಗೆ ಮಾಡಿದರೆ ಮಗು ಉಳಿಯುತ್ತದೆ ಅಂತ ಸಾಬೀತಾಗಿಲ್ಲ. ಆದರೆ ಸೋಂಕಿಗೆ ಮದ್ದು ಕೊಡುವುದರಲ್ಲಿ ನಷ್ಟ ಏನೂ ಇಲ್ಲ.

ಇಲಿಯ ಮಾತು ನಿಲ್ಲುವ ಜಾಗವನ್ನೂ ಹೇಳಬೇಕು. ಇಲಿಯ ಮಾಸವೂ ನಮ್ಮ ಹಾಗೆ ತಾಯಿಯ ರಕ್ತದಲ್ಲಿ ನೆನೆದೇ ಇರುತ್ತದೆ. ಆದರೆ ಮಗುವಿನ ರಕ್ತಕ್ಕೂ ತಾಯಿಯ ರಕ್ತಕ್ಕೂ ನಡುವೆ ಇಲಿಯಲ್ಲಿ ಮೂರು ಪದರ ಮಾಸಕೋಶ, ನಮ್ಮಲ್ಲಿ ಒಂದು. ನಮ್ಮ ಮಾಸ ಗರ್ಭಕೋಶದ ಗೋಡೆಗೆ ಆಳವಾಗಿ ಇಳಿಯುತ್ತದೆ, ಇಲಿಯದು ಮೇಲೆಮೇಲೆ. ಬಿಪಿ ಏರಿ 30ನೇ ವಾರದಲ್ಲಿ ಮಗು ಬೆಳೆಯದೆ ನಿಲ್ಲುವ ನಮ್ಮ ಕಷ್ಟವನ್ನು ಮೂರು ವಾರದ ಇಲಿ ಬಸುರು ಪೂರ್ತಿ ತೋರಿಸಲಾರದು. ಹಾಗಾಗಿ 20 ವಾರದ ಮೇಲೆ ನಾನು ನಂಬುವುದು ಬಿಪಿ ಮೆಷಿನ್, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮತ್ತು ಮಗು ಒದೆಯುವ ಎಣಿಕೆಯನ್ನು.

ಥೈರಾಯ್ಡ್ ಪ್ರತಿಕಾಯದ ಕಥೆ ಎಚ್ಚರಿಕೆಗೆ ಒಳ್ಳೆಯದು. ಥೈರೊಗ್ಲಾಬ್ಯುಲಿನ್ ಅನ್ನುವ ಥೈರಾಯ್ಡ್ ಪ್ರೋಟೀನ್ ಚುಚ್ಚಿ ಪ್ರತಿಕಾಯ ಬರಿಸಿದ ಇಲಿಗಳಲ್ಲೂ ಮರಿ ಕರಗುವುದು ಕಂಡಿತು. ಅದನ್ನು ನೋಡಿ ಪ್ರತಿಕಾಯ ಇದ್ದು ಹಾರ್ಮೋನ್ ಸರಿಯಿರುವವರಿಗೂ ಥೈರಾಕ್ಸಿನ್ ಕೊಡೋಣ ಅನ್ನಿಸುತ್ತದೆ. 2019ರಲ್ಲಿ ಬಂದ ಟ್ಯಾಬ್ಲೆಟ್ ಅನ್ನುವ ಹೆಸರಿನ ಅಧ್ಯಯನದಲ್ಲಿ ಮದ್ದು ತೆಗೆದುಕೊಂಡವರಲ್ಲಿ ಜೀವಂತ ಹೆರಿಗೆ ಶೇಕಡಾ 37.4, ತೆಗೆದುಕೊಳ್ಳದವರಲ್ಲಿ 37.9. ಹಾಗಾಗಿ ಬರೀ ಪ್ರತಿಕಾಯದ ರಿಪೋರ್ಟ್ ನೋಡಿ ನಾನು ಮಾತ್ರೆ ಬರೆಯುವುದಿಲ್ಲ.

ಹೆರಿಗೆ ಹತ್ತಿರ ಬಂದಾಗ ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ "ಹೆಪಾರಿನ್ ಇದೆ" ಅಂತ ದೊಡ್ಡದಾಗಿ ಬರೆಯುತ್ತೇನೆ. ರಾತ್ರಿ 108 ಗಾಡಿಯಲ್ಲಿ ಯಾವ ಆಸ್ಪತ್ರೆಗೆ ಹೋದರೂ ಅಲ್ಲಿಯವರಿಗೆ ಗೊತ್ತಾಗಬೇಕು. ನೋವು ಶುರುವಾದರೆ ಆ ದಿನದ ಇಂಜೆಕ್ಷನ್ ಹಾಕಿಕೊಳ್ಳಬೇಡಿ, ನೇರ ಬನ್ನಿ. 40 ಮಿಲಿಗ್ರಾಂ ಡೋಸ್ ಆದರೆ ಬೆನ್ನಿಗೆ ಚುಚ್ಚಿ ಮರಗಟ್ಟಿಸಲು ಕೊನೆಯ ಇಂಜೆಕ್ಷನ್ ಆಗಿ ಕನಿಷ್ಠ 12 ಗಂಟೆ ಆಗಿರಬೇಕು.

ಹೆತ್ತ ಮೇಲೂ ಆರು ವಾರ ಇಂಜೆಕ್ಷನ್ ಮುಂದುವರಿಯಬೇಕು. ಗಡ್ಡೆ ಕಟ್ಟುವ ಅಪಾಯ ಬಾಣಂತನದಲ್ಲೇ ಹೆಚ್ಚು. ನಮ್ಮ ಕಡೆ ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆ, ಮಂಚದಿಂದ ಇಳಿಯಲು ಬಿಡುವುದಿಲ್ಲ. ಈ ಹೆಣ್ಣುಮಕ್ಕಳಿಗೆ ಅದು ಅಪಾಯ. ಹಾಗಾಗಿ ತವರಿನ ತಾಯಿಯನ್ನು ಕರೆದು ಹೇಳುತ್ತೇನೆ: ಉಡಿ ತುಂಬುವುದು, ಎರೆದು ಹಾಕುವುದು ಎಲ್ಲಾ ಮಾಡಿ. ನೀರು ಮಾತ್ರ ಧಾರಾಳ ಕೊಡಿ, ಮನೆಯೊಳಗೆ ನಡೆದಾಡಿಸಿ. ಹಾಲುಣಿಸಲು ಈ ಇಂಜೆಕ್ಷನ್ ಅಡ್ಡಿ ಇಲ್ಲ. ಒಂದು ಕಾಲು ಮಾತ್ರ ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ಒಂದು ಗಂಟೆಯೂ ಕಾಯಬೇಡಿ. ಮುಂದಿನ ಮಗು ತಡ ಮಾಡಲು ಎಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಇವರಿಗೆ ಬೇಡ, ಗಡ್ಡೆಯ ಅಪಾಯ ಇನ್ನೂ ಏರುತ್ತದೆ. ಕಾಪರ್-ಟಿ ಹಾಕಿಸಬಹುದು. ಎರಡನೇ ಮಗು ಬೇಕೆಂದಾಗ ಆಸ್ಪಿರಿನ್‌ನಿಂದ ಹಿಡಿದು ಎಲ್ಲಾ ಮತ್ತೆ ಮೊದಲಿಂದ ಶುರು, ಅದಕ್ಕೇ ಗರ್ಭ ನಿಲ್ಲುವ ಮುಂಚೆಯೇ ಬಂದು ಕಾಣಲು ಹೇಳಿ ಕಳಿಸುತ್ತೇನೆ.